ನಿಮಿಷಕ್ಕೆ ಇಪ್ಪತ್ತೆಂಟು ಸುತ್ತು

ಅರ್ಧ ಕುರಿಯ ಮಾಂಸ ಕೊಟ್ಟು
ಅಪ್ಪ ತಂದದ್ದು ಆ ಎಲ್‌ಪಿ. ಶೆಟ್ಲೆಂಡಿನ ಯೆಲ್ ದ್ವೀಪದಲ್ಲಿ
ನಮ್ಮ ಕಡೆ ಆಗ ಹಾಡಿಗೂ ಬೆಲೆ ಹೀಗೆಯೇ ಕಟ್ಟುತ್ತಿದ್ದರು.
ಹೊದಿಕೆಯನ್ನು ಮೊದಲ ವಾರವೇ ಮೆದ್ದುಬಿಟ್ಟಿತು
ಒಲೆ ಪಕ್ಕ ಸಾಕಿದ್ದ ತಬ್ಬಲಿ ಕುರಿಮರಿ:
ಹಾಡಿದವಳ ಮುಖ, ಊರು, ಇಸವಿ, ಎಲ್ಲ ಅದರ ಹೊಟ್ಟೆಗೆ.
ಉಳಿದದ್ದು ನಡುವಿನ ಕೆಂಪು ಕಾಗದದ ಮೇಲೊಂದು ಹೆಸರು,
ಓಸ್ಲಾ ಮೂಅಟ್. ಮತ್ತೆ ಹನ್ನೊಂದು ಹಾಡು.

ಹಿಟ್ಟಿನ ಚೀಲದಲ್ಲಿ ಸುತ್ತಿಟ್ಟದ್ದನ್ನು
ಭಾನುವಾರ ಮಾತ್ರ ತೆಗೆಯುವುದು.
ಮೊದಲು ಬಾಣಲೆಯಲ್ಲಿ ಎಣ್ಣೆ ಕಾದಂತೆ ಚರಚರ,
ಆಮೇಲೆ ಆ ದನಿ,
ಬಾವಿಯ ತಳದಿಂದ ಹಗ್ಗದ ಸಮೇತ
ಯಾರೋ ಮೇಲೆ ಸೇದುತ್ತಿರುವಂಥ ದನಿ.
ಒಂದು ಸೊಲ್ಲು ಮುಗಿದು ಇನ್ನೊಂದು ಹುಟ್ಟುವುದರೊಳಗೆ
ಅಮ್ಮ ಸ್ವೆಟರಿನ ಒಂದು ಸಾಲು ಹೆಣೆದಿರುತ್ತಿದ್ದಳು.

ಅರುವತ್ತು ದಾಟಿದ ವಿಧವೆ, ಅಂದುಕೊಂಡೆ.
‘ನಾಳೆ ಬರುವೆನೆಂದವನು ಇನ್ನೂ ಬರಲಿಲ್ಲ’
ನಾಲ್ಕನೆಯ ಹಾಡಿನ ಈ ಸಾಲಿಗೆ
ಅವನನ್ನು ಪ್ರತಿ ಭಾನುವಾರ ಕಡಲಲ್ಲಿ ಮುಳುಗಿಸಿದೆ.
ದುಃಖಕ್ಕೆ ಅವಸರವಿಲ್ಲ. ಒಂಬತ್ತನೆಯ ವಯಸ್ಸಿಗೇ
ನಾನು ಕಲಿತ ಸಂಗೀತಶಾಸ್ತ್ರ ಇಷ್ಟು.

ಹಾಗೆಯೇ ಹಾಡಿದೆ. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತ,
ಸಾಮನ್ ಪೆಟ್ಟಿಗೆಗಳಿಗೆ ಮಂಜುಗಡ್ಡೆ ಸುರಿಯುತ್ತ,
ಗಲ್ಲವನ್ನು ಎದೆಗೊತ್ತಿ ಒತ್ತಿ
ಹುಟ್ಟಿನಿಂದ ಬಂದ ಕೊರಳನ್ನು ಕೆಳಗಿಳಿಸಿದೆ.
ನನ್ನದೇ ಹಾಡು ಕಟ್ಟಿದಾಗಲೂ
ಪದಕ್ಕೂ ಪದಕ್ಕೂ ನಡುವೆ
ಒಂದು ದೋಣಿ ಹಿಂದೆ ತಿರುಗುವಷ್ಟು ಜಾಗ ಬಿಟ್ಟೆ.
ಲೆರ್ವಿಕ್ಕಿನ ಪತ್ರಿಕೆಯವನು ಬರೆದ:
‘ಇವಳ ಸಂಗೀತದಲ್ಲಿ ಅರ್ಧ ಪಾಲು ಮೌನದ್ದು.’
ಕತ್ತರಿಸಿ ಗಿಟಾರಿನ ಪೆಟ್ಟಿಗೆಯೊಳಗೆ ಅಂಟಿಸಿಕೊಂಡೆ. ಸುಳ್ಳೇಕೆ.

ಮೂರನೆಯ ಆಲ್ಬಮ್ಮಿಗೆ ಅಬರ್ಡೀನಿಗೆ ಹೋದೆ.
ಧ್ವನಿಮುದ್ರಕ ಗೆಡ್ಡೆಸ್, ಬಾಯಲ್ಲಿನ್ನೂ ಬಿಸ್ಕತ್ತು,
‘ನಿನ್ನ ಗುರುವನ್ನೊಮ್ಮೆ ಕೇಳೋಣ’ ಎಂದು
ಗೀರಿಲ್ಲದ ಪ್ರತಿಯೊಂದನ್ನು ತಿರುಗಲು ಬಿಟ್ಟ.

ಯಾರಿವಳು?
ಹೊದಿಕೆಯ ಮೇಲೆ ಇಪ್ಪತ್ತೆರಡರ ಹುಡುಗಿ,
ಗಾಳಿಗೆ ಬಾಯಿತುಂಬ ಕೂದಲು, ಒಂದು ಸೊಟ್ಟ ಹಲ್ಲು.
ದನಿಯೋ, ಮೆಟ್ಟಿಲು ಎರಡೆರಡು ಹಾರಿಕೊಂಡು
ಹೊರಟುನಿಂತ ಬಸ್ಸು ಹಿಡಿಯಲು ಓಡುತ್ತಿದೆ.
ನಾಲ್ಕನೆಯ ಹಾಡು ಬಂತು. ಅದು ಕುಣಿತದ್ದು.
ಬರುವೆನೆಂದವನು ಮುಳುಗಿರಲಿಲ್ಲ,
ಎಲ್ಲೋ ಕುಡಿಯುತ್ತ ಕೂತು
ಮದುವೆಮನೆಗೆ ತಡವಾಗಿದ್ದ, ಅಷ್ಟೇ.

ಗೆಡ್ಡೆಸ್ ಬೆರಳಲ್ಲೇ ಲೆಕ್ಕ ಹಾಕಿದ.
ಮೂವತ್ತಮೂರು ಸುತ್ತಬೇಕಾದ್ದು ನಿಮ್ಮಲ್ಲಿ ಇಪ್ಪತ್ತೆಂಟು ಸುತ್ತಿದೆ,
ಶ್ರುತಿ ಮೂರು ಮನೆ ಇಳಿದಿದೆ.
ರಬ್ಬರ್ ಬೆಲ್ಟು ಸಡಿಲ. ಹೊಸದಕ್ಕೆ ಎರಡು ಪೌಂಡೂ ಇಲ್ಲ, ಅಂದ.
ನಗಲಿಲ್ಲ. ಒಳ್ಳೆಯವನು.

ಹಾಗಾದರೆ ನನ್ನ ಘರಾಣೆಯ ಮೂಲಪುರುಷ
ಒಂದು ಹಳಸಲು ರಬ್ಬರ್ ಪಟ್ಟಿ.
ಇಪ್ಪತ್ತು ವರ್ಷ ನಾನು ತಂಬೂರಿ ಮೀಟಿದ್ದು
ಒಂದು ಯಂತ್ರದ ಸೋಮಾರಿತನಕ್ಕೆ.

ಮೊಗಸಾಲೆಗೆ ಬಂದು ಅಪ್ಪನಿಗೆ ಫೋನು ಮಾಡಿದೆ.
ಕೆಮ್ಮಿದ. ಅತ್ತ ಕಡೆ ಗಾಳಿ, ನಾಯಿ.
‘ಗೊತ್ತಿತ್ತು ಕಣೇ’ ಅಂದ.
ಮತ್ತೆ ಯಾಕೆ ಸರಿ ಮಾಡಿಸಲಿಲ್ಲ?
‘ನಿಮ್ಮಮ್ಮನ ಹೆಣಿಗೆಗೆ ಅದೇ ಸರಿಹೋಗುತ್ತಿತ್ತು.’
ಆಮೇಲೆ ಹುಲ್ಲಿನ ರೇಟು ಹೇಳಿದ.

ಒಳಗೆ ಬಂದು ಗಿಟಾರಿನ ಮೂರನೇ ಮನೆಗೆ ಕ್ಯಾಪೋ ಹಾಕಿದೆ.
ತೆಗೆದೆ. ಹಾಕಿದೆ.
ತೆಗೆದು ಜೇಬಿಗಿಟ್ಟುಕೊಂಡೆ.
ಗಾಜಿನಾಚೆ ಗೆಡ್ಡೆಸ್ ಕೆಂಪು ದೀಪ ಹೊತ್ತಿಸಿದ.
ಒಂದು ಸಾಲು ಹೆಣೆಯುವಷ್ಟು ಹೊತ್ತು ಸುಮ್ಮನಿದ್ದು
ನನ್ನ ಹಳೆಯ ದನಿಯಲ್ಲೇ, ಬಾವಿಯ ತಳದಿಂದಲೇ ಎತ್ತಿಕೊಂಡೆ.
ಕಾಲು ಮಾತ್ರ, ಕುರ್ಚಿಯ ಕೆಳಗೆ,
ಯಾರ ಮಾತೂ ಕೇಳದೆ
ಬಸ್ಸು ಹಿಡಿಯಲು ಓಡುತ್ತಿತ್ತು.